ಲ್ಹಾಸಾದ ಹಾದಿಯಲ್ಲಿ ತಾಯಿ ಮಗ

1923ನೆಯ ಇಸವಿಯ ಅಕ್ಟೋಬರ್ ತಿಂಗಳ ಕೊನೆ. ಚೀನದೇಶದ ಯುನ್ನಾನ್ ಪ್ರಾಂತದಲ್ಲಿ, ಮೆಕಾಂಗ್ ನದಿಯ ಕಣಿವೆಯಲ್ಲಿದ್ದ ಒಬ್ಬ ಕ್ರೈಸ್ತ ಪಾದ್ರಿಯ ಮನೆಯಿಂದ ಇಬ್ಬರು ಪ್ರಯಾಣಿಕರು ಹೊರಬಿದ್ದರು. ಬೆಟ್ಟದ ಗಿಡಮೂಲಿಕೆಗಳನ್ನು ಸಂಗ್ರಹಿಸಲು ಹೋಗುತ್ತೇವೆಂಬುದು ಅವರು ಹೇಳಿದ ಮಾತು. ಜೊತೆಯಲ್ಲಿದ್ದ ಇಬ್ಬರು ಕೂಲಿಗಳನ್ನು ದಾರಿಯಲ್ಲಿಯೇ ಒಬ್ಬೊಬ್ಬರಿಗೆ ಒಂದೊಂದು ನೆಪ ಹೇಳಿ ಹಿಂದಕ್ಕೆ ಕಳುಹಿಸಿದರು. ಅನಂತರ ಕತ್ತಲಾಗುವವರೆಗೆ ಕಾದು, ಟಿಬೆಟ್ಟಿನ ಗಡಿಯತ್ತ ಏರುವ ದಾರಿಯನ್ನು ಹಿಡಿದರು. ಮುಂದೆ ನಡೆಯುತ್ತಿದ್ದವನು ಇಪ್ಪತ್ತನಾಲ್ಕು ವರ್ಷದ ಒಬ್ಬ ಲಾಮಾ. ಬೆನ್ನಮೇಲೆ ಗಂಟು ಹೊತ್ತು ಹಿಂದೆ ಬರುತ್ತಿದ್ದವಳು ಅವನ ಮುದಿತಾಯಿ. ನೋಡಿದವರು ತಿಳಿಯಬೇಕಾದದ್ದು ಇಷ್ಟೇ. ಆ ತಾಯಿ ಪ್ಯಾರಿಸಿನ ಸಮೀಪದಲ್ಲಿ ಹುಟ್ಟಿದ ಫ್ರೆಂಚ್ ವಿದುಷಿ ಎಂಬುದು ಯಾರಿಗಾದರೂ ತಿಳಿದಿದ್ದರೆ ಆ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು.

ಆಕೆಯ ಹೆಸರು ಅಲೆಕ್ಸಾಂಡ್ರಾ ಡೇವಿಡ್ ನೀಲ್. 1868ರಲ್ಲಿ ಜನಿಸಿದ ಆಕೆ ಬಾಲ್ಯದಿಂದಲೂ ಮನೆಯಲ್ಲಿ ನಿಲ್ಲದವಳು. ಸಂಸ್ಕೃತವನ್ನೂ ಬೌದ್ಧದರ್ಶನವನ್ನೂ ಅಭ್ಯಾಸಮಾಡಿದಳು. ಕೆಲವು ಕಾಲ ನಾಟ್ಯಶಾಲೆಗಳಲ್ಲಿ ಗಾಯಕಿಯಾಗಿ ಹೊಟ್ಟೆ ಹೊರೆದಳು. 1904ರಲ್ಲಿ ಫಿಲಿಪ್ ನೀಲ್ ಎಂಬ ರೈಲ್ವೆ ಇಂಜಿನಿಯರನ್ನು ವಿವಾಹವಾದಳು. 1911ರಲ್ಲಿ, ಒಂದೂವರೆ ವರ್ಷದಲ್ಲಿ ಮರಳುವೆನೆಂದು ಪತಿಗೆ ಹೇಳಿ ಭಾರತಕ್ಕೆ ಹೊರಟವಳು ಸ್ವದೇಶವನ್ನು ಮತ್ತೆ ಕಂಡದ್ದು ಹದಿನಾಲ್ಕು ವರ್ಷಗಳ ಬಳಿಕ. ಆ ದೀರ್ಘಕಾಲದಲ್ಲಿ ಪತಿ ಹಣ ಕಳುಹಿಸುತ್ತಲೇ ಇದ್ದ. ಈಕೆ ಪತ್ರ ಬರೆಯುತ್ತಲೇ ಇದ್ದಳು. ಈ ಪ್ರವಾಸಗಳ ಕಥೆಯಲ್ಲಿ ಫಿಲಿಪ್ ನೀಲನ ತಾಳ್ಮೆಗೂ ಒಂದು ಪಾಲು ಸಲ್ಲಬೇಕು.

1912ರಲ್ಲಿ ಕಾಲಿಂಪಾಂಗಿನಲ್ಲಿ ಆಕೆಗೆ ಹದಿಮೂರನೆಯ ದಲಾಯಿ ಲಾಮಾ ಅವರ ದರ್ಶನ ದೊರೆಯಿತು. ಚೀನೀ ಸೈನ್ಯಕ್ಕೆ ಸಿಕ್ಕದೆ ಭಾರತಕ್ಕೆ ಬಂದು ನೆಲೆಸಿದ್ದ ಅವರು, ಟಿಬೆಟ್ ಭಾಷೆಯನ್ನು ಕಲಿಯುವಂತೆ ಆಕೆಗೆ ಸಲಹೆಯಿತ್ತರು. ಆಕೆ ಸಲಹೆಯನ್ನು ಅಕ್ಷರಶಃ ಪಾಲಿಸಿದಳು. ಸಿಕ್ಕಿಮಿನ ಲಾಚೆನ್ ಬಳಿ, ಹಿಮದ ಸೀಮೆಯಲ್ಲಿ ವಾಸವಾಗಿದ್ದ ಒಬ್ಬ ತಪಸ್ವಿಯ ಶಿಷ್ಯೆಯಾಗಿ ಗುಹೆಯಲ್ಲಿ ಕಾಲ ಕಳೆದಳು. ಸಿಕ್ಕಿಮಿನಲ್ಲಿದ್ದಾಗಲೇ, 1914ರಲ್ಲಿ, ಆಫುರ್ ಯೋಂಗ್ಡೆನ್ ಎಂಬ ಹದಿನೈದು ವರ್ಷದ ಹುಡುಗ ಆಕೆಯ ಪರಿಚಾರಕನಾಗಿ ಸೇರಿದನು. ಅಡಿಗೆ ಮಾಡಲು, ಹೊರೆ ಹೊರಲು ಬಂದ ಆ ಬಾಲಕ ಮುಂದೆ ನಲವತ್ತು ವರ್ಷ ಆಕೆಯನ್ನು ಬಿಟ್ಟು ಹೋಗಲಿಲ್ಲ.

1916ರಲ್ಲಿ ಅವರಿಬ್ಬರೂ ಬ್ರಿಟಿಷರ ಅಪ್ಪಣೆಯಿಲ್ಲದೆ ಗಡಿ ದಾಟಿ ಶಿಗಾಟ್ಸೆ ನಗರಕ್ಕೆ ಹೋಗಿ, ತಾಶಿಲ್ಹುಂಪೋ ವಿಹಾರದಲ್ಲಿ ಪಂಚೆನ್ ಲಾಮಾ ಅವರ ಆತಿಥ್ಯವನ್ನು ಪಡೆದರು. (1959ರ ದುರಂತದ ಬಳಿಕ ಭಾರತಕ್ಕೆ ಬಂದ ಟಿಬೆಟ್ಟಿನ ಭಿಕ್ಷುಗಳು 1972ರಲ್ಲಿ ಅದೇ ಹೆಸರಿನ ವಿಹಾರವನ್ನು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಮತ್ತೆ ಸ್ಥಾಪಿಸಿದರು.) ಸುದ್ದಿ ತಿಳಿದ ಬ್ರಿಟಿಷ್ ಅಧಿಕಾರಿಗಳು ಆಕೆಯನ್ನು ಸಿಕ್ಕಿಮಿನಿಂದ ಹೊರಹಾಕಿದರು. ಅಷ್ಟಕ್ಕೆ ನಿಲ್ಲದೆ, ಆಕೆ ಹೋದದ್ದನ್ನು ತಿಳಿಸಲಿಲ್ಲವೆಂದು ಲಾಚೆನ್ ಗ್ರಾಮಸ್ಥರಿಗೆ ದಂಡವನ್ನೂ ವಿಧಿಸಿದರು. ಅವಮಾನಿತಳಾದ ಆಕೆ ಲ್ಹಾಸಾವನ್ನು ನೋಡಿಯೇ ತೀರುವೆನೆಂದು ಛಲ ತೊಟ್ಟಳು. ಛಲ ಆಕೆಯದು, ದಂಡ ತೆತ್ತವರು ಮಾತ್ರ ಆ ಬಡ ಹಳ್ಳಿಗರು.

ಭಾರತದ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಚೀನದ ಬಾಗಿಲು. ಗುರುಶಿಷ್ಯರು ಜಪಾನ್, ಕೊರಿಯಾಗಳ ಮಾರ್ಗವಾಗಿ ಪೀಕಿಂಗನ್ನು ಸೇರಿ, ಅಲ್ಲಿಂದ ಅಂತರ್ಯುದ್ಧಗಳಿಂದ ನಲುಗುತ್ತಿದ್ದ ಚೀನವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರು. 1918ರಿಂದ ಸುಮಾರು ಎರಡೂವರೆ ವರ್ಷ ಆಮ್ಡೋ ಸೀಮೆಯ ಕುಂಬುಮ್ ವಿಹಾರದಲ್ಲಿ ನೆಲೆಸಿ ಪ್ರಜ್ಞಾಪಾರಮಿತಾ ಗ್ರಂಥಗಳನ್ನು ಅಭ್ಯಾಸಮಾಡಿದರು. ಮುಂದೆ ಹಲವು ಬಾರಿ ಲ್ಹಾಸಾದ ಕಡೆಗೆ ಹೊರಟು, ಕಾವಲುಗಾರರಿಂದ ತಡೆಯಲ್ಪಟ್ಟು ಹಿಂದಿರುಗಿದರು. ಕುದುರೆ, ಹೇಸರಗತ್ತೆ, ಆಳುಕಾಳುಗಳೊಡನೆ ಹೋದರೆ ಎಲ್ಲರ ಕಣ್ಣೂ ಬೀಳುತ್ತದೆ ಎಂಬುದನ್ನು ಅನುಭವ ಕಲಿಸಿತು. ಭಿಕ್ಷುಕರನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಆದ್ದರಿಂದಲೇ ಈ ವೇಷ. ಕಂದುಬಣ್ಣದ ಕೂದಲಿಗೆ ಚೀನೀ ಮಸಿಯನ್ನು ಬಳಿದು, ಚಮರೀಮೃಗದ ಕಪ್ಪು ಕೂದಲಿನ ಚೌರಿಯನ್ನು ಸೇರಿಸಿ ಜಡೆ ಹೆಣೆದುಕೊಂಡಳು. ಕೋಕೋ ಪುಡಿಗೆ ಅರೆದ ಇದ್ದಿಲನ್ನು ಬೆರೆಸಿ ಮುಖಕ್ಕೆ ಬಳಿದುಕೊಂಡಳು. ಒರಟು ನಿಲುವಂಗಿಯ ಒಳಗೆ ಒಂದು ಪಿಸ್ತೂಲು, ನಡುಪಟ್ಟಿಯಲ್ಲಿ ಬೆಳ್ಳಿಯ ನಾಣ್ಯಗಳು, ಒಂದು ಸಣ್ಣ ದಿಕ್ಸೂಚಿ. ಹೊರಗೆ ಕಾಣುವ ಆಸ್ತಿಯೆಂದರೆ ಒಂದು ಅಡಿಗೆಯ ಪಾತ್ರೆ, ಮರದ ಬಟ್ಟಲು, ಹುರಿದ ಬಾರ್ಲಿಯ ಹಿಟ್ಟಿನ ಚೀಲ. ಈ ಹಿಟ್ಟಿಗೆ ತ್ಸಂಪಾ ಎಂದು ಹೆಸರು; ನಮ್ಮ ಹುರಿಹಿಟ್ಟಿನಂತೆ ಕಲಸಿ ಉಂಡೆಮಾಡಿ ತಿನ್ನುವುದು ಅಲ್ಲಿನ ಪದ್ಧತಿ.

ವೇಷ ಹಾಕುವುದು ಸುಲಭ. ಅದನ್ನು ಹಗಲಿರುಳು ಕಾಪಾಡಿಕೊಳ್ಳುವುದು ಕಷ್ಟ. ನೀರಿನಲ್ಲಿ ಕೈಯಿಟ್ಟು ಪಾತ್ರೆ ತೊಳೆದರೆ ಬಳಿದ ಬಣ್ಣವೂ ಕರಗಿ ಬೆರಳುಗಳು ಬೆಳ್ಳಗಾಗುತ್ತಿದ್ದುವು. ಆಗ ಪಾತ್ರೆಯ ತಳದ ಮಸಿಯೇ ಗತಿ. ಹಳ್ಳಿಯ ಮನೆಗಳಲ್ಲಿ ರಾತ್ರಿ ತಂಗಿದಾಗ ಲಾಮಾನಾದ ಯೋಂಗ್ಡೆನ್ನನಿಗೆ ಬೆಂಕಿಯ ಬಳಿ ಕಂಬಳಿ ಹಾಸಿ ಕೂರಿಸುವರು. ಮನೆಯವರು ಅವನ ಬಾಯಿಂದ ಭವಿಷ್ಯ ಕೇಳುವರು. ಕಳೆದುಹೋದ ಹಸು ಎಲ್ಲಿದೆ, ಮಗುವಿನ ಕಾಯಿಲೆ ಹೇಗೆ ವಾಸಿಯಾದೀತು ಎಂಬಂಥ ಪ್ರಶ್ನೆಗಳಿಗೆಲ್ಲ ಆತ ಗಂಭೀರವಾಗಿ ಉತ್ತರ ಹೇಳಬೇಕಾಗಿತ್ತು. ಆಗ ತಾಯಿ ಬಾಗಿಲ ಬಳಿ ಬರಿನೆಲದ ಮೇಲೆ ಕುಳಿತು, ಕೊಟ್ಟದ್ದನ್ನು ಉಂಡು, ಹೇಳಿದ ಕೆಲಸ ಮಾಡುವಳು. ಒಂಬತ್ತು ವರ್ಷ ಅಪ್ಪಣೆ ಮಾಡುತ್ತಿದ್ದವಳು ಈಗ ಮೂಕಳಂತಿರಬೇಕು. ಅಪ್ಪಣೆ ಪಾಲಿಸುತ್ತಿದ್ದವನು ಈಗ ಮಾತನಾಡಬೇಕು. ಅವನ ಒಂದು ಮಾತು ತಪ್ಪಿದರೆ ಇಬ್ಬರಿಗೂ ಆಪತ್ತು. ಆಕೆ ವಿದೇಶೀಯಳಾದ್ದರಿಂದ ಹೆಚ್ಚೆಂದರೆ ಗಡಿಯಾಚೆಗೆ ಕಳುಹಿಸುತ್ತಿದ್ದರು. ವಂಚಿಸಿ ಕರೆತಂದ ಯೋಂಗ್ಡೆನ್ನನ ಬೆನ್ನಿಗೆ ಚಾಟಿಯೇಟು ತಪ್ಪುತ್ತಿರಲಿಲ್ಲ. ಲ್ಹಾಸಾದ ಪಯಣವನ್ನು ಹೊಗಳುವವರು ಈ ಸಂಗತಿಯನ್ನು ಸಾಮಾನ್ಯವಾಗಿ ನೆನೆಯುವುದಿಲ್ಲ.

ದೋಕರ್ ಕಣಿವೆಯನ್ನು ದಾಟಿ ಅವರು ಸಾಲ್ವೀನ್ ನದಿಯ ಸೀಮೆಗೆ ಇಳಿದರು. ಆರಂಭದಲ್ಲಿ ಹಗಲು ಕಾಡಿನಲ್ಲಿ ಅಡಗಿದ್ದು ರಾತ್ರಿ ನಡೆದರು. ಒಂದೆಡೆ ನದಿಯನ್ನು ದಾಟಲು ಇದ್ದುದು ಒಂದೇ ಹಗ್ಗ. ಕೊಕ್ಕೆಗೆ ಕಟ್ಟಿದ ಪ್ರಯಾಣಿಕರನ್ನು ಆಚೆಯ ದಡದವರು ಎಳೆದುಕೊಳ್ಳಬೇಕು. ಆಕೆಯೂ ಒಬ್ಬ ಟಿಬೆಟ್ ಹುಡುಗಿಯೂ ನಡುಹೊಳೆಯ ಮೇಲೆ ತೂಗುತ್ತಿದ್ದಾಗ ಎಳೆಯುವ ಹಗ್ಗ ತುಂಡಾಯಿತು. ಅದನ್ನು ಮತ್ತೆ ಕಟ್ಟುವವರೆಗೆ, ಕೆಳಗೆ ಭೋರ್ಗರೆಯುವ ನೀರಿನ ಮೇಲೆ, ಇಬ್ಬರೂ ಹಾಗೆಯೇ ನೇತಾಡಬೇಕಾಯಿತು.

ಚಳಿಗಾಲ ಬಲಿತಂತೆ ಅವರು ಪೋ ಎಂಬ ದುರ್ಗಮ ಪ್ರದೇಶವನ್ನು ಹೊಕ್ಕರು. ಒಂದು ರಾತ್ರಿ ಹಿಮದ ಬಯಲಿನಲ್ಲಿ ಚಕಮಕಿ ಒದ್ದೆಯಾಗಿ ಬೆಂಕಿ ಹೊತ್ತಲಿಲ್ಲ. ಯೋಂಗ್ಡೆನ್ನನನ್ನು ಸೌದೆ ಸೆಗಣಿಗಳನ್ನು ಆಯಲು ಕಳುಹಿಸಿ, ಆಕೆ ಚಕಮಕಿಯನ್ನು ಬಟ್ಟೆಯೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡು, ಲಾಚೆನ್ನಿನ ಸೀಮೆಯಲ್ಲಿ ಕಲಿತ ತುಮೋ ಎಂಬ ಯೋಗವನ್ನು ಅಭ್ಯಾಸಮಾಡಿದಳು. ಉಸಿರನ್ನೂ ಮನಸ್ಸನ್ನೂ ಹಿಡಿದು ದೇಹದಲ್ಲಿ ಶಾಖವನ್ನು ಹುಟ್ಟಿಸುವ ಸಾಧನೆ ಅದು. ಮೈ ಬೆಚ್ಚಗಾಗಿ ಚಕಮಕಿ ಒಣಗಿತೆಂದು ಆಕೆ ಬರೆದಿದ್ದಾಳೆ. ಕೆಲವು ದಿನಗಳ ಬಳಿಕ ಯೋಂಗ್ಡೆನ್ ಜಾರಿಬಿದ್ದು ಪಾದ ಉಳುಕಿಸಿಕೊಂಡನು. ಐವತ್ತೈದು ವರ್ಷದ ಆಕೆ ಅವನನ್ನು ಹೊತ್ತು ನಡೆಯಲು ಯತ್ನಿಸಿದಳು, ಆಗಲಿಲ್ಲ. ಹಿಮ ಎಡೆಬಿಡದೆ ಬೀಳುತ್ತಿತ್ತು, ಹಿಟ್ಟು ಮುಗಿದಿತ್ತು. ಕೊನೆಗೆ ಜೋಡು ರಿಪೇರಿಗೆಂದು ಇಟ್ಟಿದ್ದ ಚರ್ಮದ ಚೂರುಗಳನ್ನು ಬೇಯಿಸಿ ಆ ನೀರನ್ನು ಕುಡಿದರು. ಹುಡುಗ ಕೋಲೂರಿಕೊಂಡು ಕುಂಟುತ್ತಲೇ ನಡೆದನು.

1924ರ ಫೆಬ್ರವರಿಯಲ್ಲಿ, ಧೂಳಿನ ಬಿರುಗಾಳಿಯ ಮರೆಯಲ್ಲಿ, ಅವರು ಲ್ಹಾಸಾವನ್ನು ಪ್ರವೇಶಿಸಿದರು. ಆ ನಿಷಿದ್ಧ ನಗರದೊಳಗೆ ಕಾಲಿಟ್ಟ ಮೊದಲ ಐರೋಪ್ಯ ಮಹಿಳೆ ಆಕೆ. ವಿದೇಶಿಯರಿಗಷ್ಟೇ ಅದು ನಿಷಿದ್ಧ. ಕುಮಾವೂನಿನ ನೈನ್ ಸಿಂಗ್ ಜಪಮಾಲೆಯ ಮಣಿಗಳಿಂದ ಹೆಜ್ಜೆಗಳನ್ನೆಣಿಸುತ್ತ 1866ರಲ್ಲಿಯೇ ಅಲ್ಲಿಗೆ ತಲುಪಿದ್ದನೆಂಬುದನ್ನು ಮರೆಯಲಾಗದು. ಅವನೂ ವೇಷಧಾರಿಯಾಗಿಯೇ ಹೋದವನು. ತಾಯಿಮಗ ಇಬ್ಬರೂ ಬಡವರ ಛತ್ರದಂಥ ಒಂದು ಮನೆಯಲ್ಲಿ ಇಳಿದುಕೊಂಡು, ಎರಡು ತಿಂಗಳ ಕಾಲ ಹೊಸವರ್ಷದ ಉತ್ಸವಗಳನ್ನೂ ವಿಹಾರಗಳನ್ನೂ ನೋಡಿದರು. ಪೋತಾಲಾ ಅರಮನೆಯ ಬಾಗಿಲಲ್ಲಿ ಟೋಪಿ ತೆಗೆಯಬೇಕೆಂದಾಗ, ಮಸಿ ಮಾಸಿದ್ದ ಕೂದಲು ಹೊರಬಿದ್ದು ಆಕೆಗೆ ಜೀವ ಹಾರಿಹೋದಂತಾಯಿತು. ನೋಡಿದವರು ನಕ್ಕು ಸುಮ್ಮನಾದರು. ಮತ್ತೊಂದು ದಿನ ಸಂತೆಯಲ್ಲಿ ಒಬ್ಬ ಪೊಲೀಸಿನವನು ಆಕೆಯನ್ನೇ ದಿಟ್ಟಿಸಿ ನಿಂತನು. ಆಕೆ ತಕ್ಷಣ ಒಂದು ಪಾತ್ರೆಯನ್ನು ಎತ್ತಿಕೊಂಡು, ಹಳ್ಳಿಯ ಹೆಂಗಸಿನಂತೆ ಗಟ್ಟಿಗಂಟಲಿನಲ್ಲಿ ಚೌಕಾಸಿಗೆ ಇಳಿದಳು. ಅವನ ಸಂಶಯ ಅಳಿಯಿತು.

ಹಿಂದಿರುಗುವಾಗ ಗ್ಯಾಂಟ್ಸೆಯಲ್ಲಿ ಆಕೆ ಬ್ರಿಟಿಷರ ವ್ಯಾಪಾರ ಪ್ರತಿನಿಧಿ ಡೇವಿಡ್ ಮ್ಯಾಕ್ಡೊನಾಲ್ಡನ ಮುಂದೆ ನಿಂತು ತಾನಾರೆಂದು ಹೇಳಿದಾಗ ಆತ ಬೆರಗಾದನು. ಆಕೆ ಲ್ಹಾಸಾಕ್ಕೆ ಹೋದದ್ದೇ ಸುಳ್ಳೆಂದು ಮುಂದೆ ವಾದಿಸಿದವರುಂಟು. ಮ್ಯಾಕ್ಡೊನಾಲ್ಡನ ಸಾಕ್ಷ್ಯ ಅದಕ್ಕೆ ತಕ್ಕ ಉತ್ತರ. 1927ರಲ್ಲಿ ಪ್ರಕಟವಾದ ಆಕೆಯ ಪ್ರವಾಸಗ್ರಂಥ ಆಕೆಯನ್ನು ಜಗತ್ಪ್ರಸಿದ್ಧಳನ್ನಾಗಿ ಮಾಡಿತು.

ದಾರಿಯಲ್ಲಿ ನಟಿಸಿದ ಸಂಬಂಧ ಊರು ಸೇರಿದ ಮೇಲೆ ನಿಜವಾಯಿತು. ಆಕೆ ಯೋಂಗ್ಡೆನ್ನನನ್ನು ಕಾನೂನಿನ ಪ್ರಕಾರ ದತ್ತುಪುತ್ರನನ್ನಾಗಿ ಸ್ವೀಕರಿಸಿದಳು. ಫ್ರಾನ್ಸಿನ ದೀಂಯ್ ಎಂಬ ಊರಿನಲ್ಲಿ ಕೊಂಡ ಮನೆಗೆ ಧ್ಯಾನದುರ್ಗವೆಂಬ ಅರ್ಥದ ಟಿಬೆಟ್ ಹೆಸರನ್ನಿಟ್ಟಳು. 1937ರಲ್ಲಿ ಇಬ್ಬರೂ ಮತ್ತೆ ಚೀನಕ್ಕೆ ಹೋದರು. ಯುದ್ಧದ ದೆಸೆಯಿಂದ ಟಿಬೆಟ್ಟಿನ ಅಂಚಿನ ಒಂದು ಪಟ್ಟಣದಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದರು. ಫಿಲಿಪ್ ನೀಲ್ 1941ರಲ್ಲಿ ತೀರಿಕೊಂಡಾಗ ಆಕೆ ಅಲ್ಲಿಯೇ ಇದ್ದಳು.

ಮುಪ್ಪಿನಲ್ಲಿ ತನ್ನನ್ನು ನೋಡಿಕೊಳ್ಳುವನೆಂದು ಆಕೆ ನಂಬಿದ್ದ ಯೋಂಗ್ಡೆನ್ 1955ರಲ್ಲಿ ಆಕೆಗಿಂತ ಮೊದಲೇ ಕಣ್ಮುಚ್ಚಿದನು. ಆಕೆ ಇನ್ನೂ ಹದಿನಾಲ್ಕು ವರ್ಷ ಬದುಕಿದಳು. ನೂರು ತುಂಬಿದಾಗ ಪಾಸ್‌ಪೋರ್ಟನ್ನು ನವೀಕರಿಸಿಕೊಂಡಳು. 1969ರಲ್ಲಿ ತೀರಿಕೊಂಡಳು. 1973ರಲ್ಲಿ ಇಬ್ಬರ ಚಿತಾಭಸ್ಮವನ್ನೂ ಕಾಶಿಗೆ ತಂದು ಒಟ್ಟಿಗೆ ಗಂಗೆಯಲ್ಲಿ ಬಿಟ್ಟರು.