ತರ್ಕದ್ವಾರಗಳ ಜೋಡಣೆ ಮತ್ತು ಪರೀಕ್ಷೆ

ಕಾರ್ಖಾನೆಗಳಲ್ಲಿ ತಗಡನ್ನು ಒತ್ತಿ ಕತ್ತರಿಸುವ ಯಂತ್ರಕ್ಕೆ ಎರಡು ಗುಂಡಿಗಳಿರುವುದುಂಟು. ಕಾರ್ಮಿಕನ ಎರಡು ಕೈಗಳೂ ಗುಂಡಿಗಳ ಮೇಲಿದ್ದಾಗ ಮಾತ್ರ ಯಂತ್ರದ ಅಚ್ಚು ಕೆಳಗಿಳಿಯಬೇಕು. ಒಂದು ಕೈ ತಗಡಿನ ಮೇಲಿದ್ದರೂ ಇಳಿಯಕೂಡದು. ಇಂತಹ ನಿರ್ಣಯವನ್ನು ಮಾಡಬಲ್ಲ ಅತ್ಯಂತ ಸರಳವಾದ ವಿದ್ಯುನ್ಮಾನ ಘಟಕವೇ ತರ್ಕದ್ವಾರ. ಅದನ್ನು ಜೋಡಿಸುವ ಕ್ರಮವನ್ನೂ, ಜೋಡಣೆ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಕ್ರಮವನ್ನೂ ಈ ಪಾಠದಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಹೌದು–ಇಲ್ಲಗಳ ತರ್ಕವನ್ನು ಬೀಜಗಣಿತದ ರೂಪದಲ್ಲಿ ಬರೆಯಬಹುದೆಂಬುದನ್ನು ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಬೂಲ್ 1847 ಮತ್ತು 1854ರ ತಮ್ಮ ಗ್ರಂಥಗಳಲ್ಲಿ ತೋರಿಸಿದರು. ಇದೇ ಬೀಜಗಣಿತವನ್ನು ವಿದ್ಯುತ್ ಸ್ವಿಚ್ಚುಗಳಿಗೆ ಅನ್ವಯಿಸಬಹುದೆಂದು ಅಮೆರಿಕದ ಕ್ಲಾಡ್ ಶ್ಯಾನನ್ 1938ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಹೊರತಂದ 7400 ಸರಣಿಯ ಚಿಪ್‌ಗಳಿಂದ ತರ್ಕದ್ವಾರಗಳು ಸುಲಭವಾಗಿ ದೊರೆಯುವಂತಾದವು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಬೀದಿ, ದೆಹಲಿಯ ಲಾಜಪತ್ ರಾಯ್ ಮಾರುಕಟ್ಟೆಗಳು ಇಂತಹ ಬಿಡಿಭಾಗಗಳ ಮಾರಾಟಕ್ಕೆ ಹೆಸರಾಗಿವೆ.

ನ್ಯಾಂಡ್ ದ್ವಾರ

ಈ ಪಾಠಕ್ಕೆ 74ಎಲ್‌ಎಸ್00 ಎಂಬ ಚಿಪ್ಪನ್ನು ಆರಿಸಿಕೊಳ್ಳಲಾಗಿದೆ. ಇದರಲ್ಲಿ 14 ಪಿನ್‌ಗಳೂ ನಾಲ್ಕು ನ್ಯಾಂಡ್ ದ್ವಾರಗಳೂ ಇರುತ್ತವೆ. ಪ್ರತಿ ದ್ವಾರಕ್ಕೆ ಸಂಕೇತವನ್ನು ಪಡೆಯುವ ಎರಡು ಆದಾನಗಳೂ, ಉತ್ತರವನ್ನು ನೀಡುವ ಒಂದು ಪ್ರದಾನವೂ ಇವೆ. ಎರಡು ಆದಾನಗಳೂ 1 ಆಗಿದ್ದಾಗ ಮಾತ್ರ ಪ್ರದಾನವು 0 ಆಗುತ್ತದೆ. ಉಳಿದೆಲ್ಲ ಸಂದರ್ಭಗಳಲ್ಲಿ ಅದು 1. ಈ ಬಗೆಯ ಚಿಪ್‌ಗಳಲ್ಲಿ 0.8 ವೋಲ್ಟಿಗಿಂತ ಕಡಿಮೆಯಾದ ಆದಾನವನ್ನು 0 ಎಂದೂ, 2 ವೋಲ್ಟಿಗಿಂತ ಹೆಚ್ಚಿನದನ್ನು 1 ಎಂದೂ ಪರಿಗಣಿಸಲಾಗುತ್ತದೆ.

ಬೇಕಾಗುವ ಸಾಮಗ್ರಿ

ಬ್ರೆಡ್‌ಬೋರ್ಡ್ ಒಂದು, 74ಎಲ್‌ಎಸ್00 ಚಿಪ್ ಒಂದು, ಕೆಂಪು ಎಲ್.ಇ.ಡಿ. ದೀಪ ಒಂದು, 470 ಓಮ್‌ನ ರೋಧಕ ಒಂದು, 10 ಕಿಲೋಓಮ್‌ನ ರೋಧಕಗಳು ಎರಡು, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ತಂತಿಗಳು, ಮಲ್ಟಿಮೀಟರ್ ಮತ್ತು 5 ವೋಲ್ಟಿನ ವಿದ್ಯುತ್ ಮೂಲ. ವಿದ್ಯುತ್ ಮೂಲವು 4.75ರಿಂದ 5.25 ವೋಲ್ಟಿನ ಮಿತಿಯಲ್ಲಿರಬೇಕು. 9 ವೋಲ್ಟಿನ ಬ್ಯಾಟರಿಯನ್ನು ನೇರವಾಗಿ ಜೋಡಿಸಿದರೆ ಚಿಪ್ ಹಾಳಾಗುತ್ತದೆ; ಅದರ ನಡುವೆ 7805 ಎಂಬ ವೋಲ್ಟೇಜ್ ನಿಯಂತ್ರಕವನ್ನು ಬಳಸಬೇಕು.

ಜೋಡಿಸುವ ಕ್ರಮ

ಬ್ರೆಡ್‌ಬೋರ್ಡಿನ ನಡುವೆ ಒಂದು ಉದ್ದನೆಯ ಕಾಲುವೆಯಿದೆ. ಅದರ ಎರಡೂ ಬದಿಗಳಲ್ಲಿ ಐದೈದು ರಂಧ್ರಗಳ ಸಾಲುಗಳಿದ್ದು, ಒಂದು ಸಾಲಿನ ಐದೂ ರಂಧ್ರಗಳು ಒಳಗೆ ಪರಸ್ಪರ ಕೂಡಿಕೊಂಡಿರುತ್ತವೆ. ಅಂಚಿನ ಉದ್ದ ಸಾಲುಗಳು ವಿದ್ಯುತ್ ಪೂರೈಕೆಗೆ ಮೀಸಲು. ಕೆಲವು ಬೋರ್ಡುಗಳಲ್ಲಿ ಈ ಉದ್ದ ಸಾಲುಗಳು ನಡುವೆ ತುಂಡಾಗಿರುವುದರಿಂದ ಮೊದಲೇ ಮಲ್ಟಿಮೀಟರಿನಿಂದ ನೋಡಿಕೊಳ್ಳುವುದು ಒಳ್ಳೆಯದು.

ವಿದ್ಯುತ್ತನ್ನು ಜೋಡಿಸುವ ಮುನ್ನ, ಚಿಪ್ಪನ್ನು ಕಾಲುವೆಯ ಮೇಲೆ ಅಡ್ಡಲಾಗಿ ಕೂರಿಸಬೇಕು. ಅದರ ಕಚ್ಚು ಎಡಕ್ಕೆ ಬರುವಂತೆ ಹಿಡಿದರೆ ಕೆಳಗಿನ ಎಡತುದಿಯ ಪಿನ್ 1. ಅಲ್ಲಿಂದ ಬಲಕ್ಕೆ 7ರವರೆಗೆ, ಬಳಿಕ ಮೇಲಿನ ಬಲತುದಿಯಿಂದ ಎಡಕ್ಕೆ 8ರಿಂದ 14ರವರೆಗೆ ಎಣಿಸಬೇಕು. ಪಿನ್ 14ನ್ನು 5 ವೋಲ್ಟಿಗೂ, ಪಿನ್ 7ನ್ನು ಋಣ ಸಾಲಿಗೂ ಸೇರಿಸಿ, ಈ ಎರಡರ ನಡುವೆ ಕೆಪಾಸಿಟರನ್ನು ಚಿಪ್ಪಿಗೆ ಹತ್ತಿರವಾಗಿ ಇಡಬೇಕು.

ಪಿನ್ 1 ಮತ್ತು 2 ಮೊದಲನೆಯ ದ್ವಾರದ ಆದಾನಗಳು. ಇವುಗಳನ್ನು ಎ ಮತ್ತು ಬಿ ಎನ್ನೋಣ. ಪಿನ್ 3 ಅದರ ಪ್ರದಾನ. ಎ ಮತ್ತು ಬಿ ಎರಡನ್ನೂ ಒಂದೊಂದು 10 ಕಿಲೋಓಮ್ ರೋಧಕದ ಮೂಲಕ 5 ವೋಲ್ಟಿಗೆ ಸೇರಿಸಿದರೆ ಅವು 1 ಆಗುತ್ತವೆ. 0 ಬೇಕಾದಾಗ ಆಯಾ ಸಾಲಿನಿಂದ ಋಣ ಸಾಲಿಗೆ ಒಂದು ತಂತಿಯನ್ನು ಹಾಕಿದರೆ ಸಾಕು.

ಈ ಚಿಪ್ಪಿನ ಪ್ರದಾನವು ವಿದ್ಯುತ್ತನ್ನು ಹೊರಗೆ ಕೊಡುವುದಕ್ಕಿಂತ ಒಳಗೆ ಎಳೆದುಕೊಳ್ಳುವುದರಲ್ಲಿ ಹೆಚ್ಚು ಸಮರ್ಥ. ಆದುದರಿಂದ 5 ವೋಲ್ಟಿನಿಂದ 470 ಓಮ್ ರೋಧಕ, ಅಲ್ಲಿಂದ ದೀಪದ ಉದ್ದನೆಯ ಕಾಲು, ಗಿಡ್ಡ ಕಾಲಿನಿಂದ ಪಿನ್ 3 ಎಂಬ ಕ್ರಮದಲ್ಲಿ ಜೋಡಿಸಬೇಕು. ಹೀಗೆ ಮಾಡಿದಾಗ ಪ್ರದಾನವು 0 ಆದರೆ ದೀಪ ಬೆಳಗುತ್ತದೆ. ಬಳಸದೆ ಉಳಿದ ಆದಾನಗಳಾದ 4, 5, 9, 10, 12 ಮತ್ತು 13ನ್ನು ಋಣ ಸಾಲಿಗೆ ಸೇರಿಸಬೇಕು.

ಪರೀಕ್ಷೆ

ಎಲ್ಲವನ್ನೂ ಮತ್ತೊಮ್ಮೆ ಪರಿಶೀಲಿಸಿ ವಿದ್ಯುತ್ತನ್ನು ಹರಿಸಿ, ಈ ನಾಲ್ಕು ಸ್ಥಿತಿಗಳನ್ನು ಒಂದೊಂದಾಗಿ ನೋಡಬೇಕು.

1. ಎ 0, ಬಿ 0: ದೀಪ ಆರಿರಬೇಕು.
2. ಎ 0, ಬಿ 1: ದೀಪ ಆರಿರಬೇಕು.
3. ಎ 1, ಬಿ 0: ದೀಪ ಆರಿರಬೇಕು.
4. ಎ 1, ಬಿ 1: ದೀಪ ಬೆಳಗಬೇಕು.

ಮೊದಲನೆಯ ಮತ್ತು ಕೊನೆಯ ಸ್ಥಿತಿಗಳನ್ನಷ್ಟೇ ನೋಡಿ ತೃಪ್ತಿಪಡುವ ಅಭ್ಯಾಸ ಹಲವರಲ್ಲಿದೆ. ಅದು ಸಾಲದು. ಚಿಪ್ಪನ್ನು ಕೂರಿಸುವಾಗ ಒಂದು ಪಿನ್ ರಂಧ್ರಕ್ಕೆ ಇಳಿಯದೆ ಒಡಲಿನ ಕೆಳಗೆ ಮಡಚಿಕೊಳ್ಳುವುದು ಸಾಮಾನ್ಯ. ಮೇಲಿನಿಂದ ನೋಡಿದರೆ ಅದು ಸರಿಯಾಗಿಯೇ ಕಾಣುತ್ತದೆ. ಸಂಪರ್ಕವಿಲ್ಲದ ಆದಾನವನ್ನು ಈ ಬಗೆಯ ಚಿಪ್ 0 ಎಂದು ತಿಳಿಯದೆ ಸಾಮಾನ್ಯವಾಗಿ 1 ಎಂದೇ ತಿಳಿಯುತ್ತದೆ.

ಪಿನ್ 1 ಹೀಗೆ ಮಡಚಿಕೊಂಡಿದೆಯೆನ್ನೋಣ. ಆಗ ಎ ಯಾವಾಗಲೂ 1. ಮೊದಲನೆಯ, ಮೂರನೆಯ ಮತ್ತು ನಾಲ್ಕನೆಯ ಸ್ಥಿತಿಗಳಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ. ಎರಡನೆಯ ಸ್ಥಿತಿಯಲ್ಲಿ ಮಾತ್ರ ಆರಿರಬೇಕಾದ ದೀಪ ಬೆಳಗುತ್ತದೆ. ಎ ಮತ್ತು ಬಿ ಯಂತ್ರದ ಗುಂಡಿಗಳಾಗಿದ್ದು, ದೀಪದ ಬದಲಿಗೆ ಅಚ್ಚು ಇದ್ದಿದ್ದರೆ, ಕಾರ್ಮಿಕನ ಎಡಗೈ ತಗಡಿನ ಮೇಲಿರುವಾಗಲೇ ಅದು ಕೆಳಗಿಳಿಯುತ್ತಿತ್ತು. ನಾಲ್ಕರಲ್ಲಿ ಮೂರು ಉತ್ತರಗಳು ಸರಿಯಾಗಿದ್ದರೂ ಜೋಡಣೆ ತಪ್ಪಾಗಿರಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂತಹ ದೋಷ ಕಂಡುಬಂದರೆ ಚಿಪ್ಪನ್ನು ಎಸೆಯುವ ಅಗತ್ಯವಿಲ್ಲ. ಮಲ್ಟಿಮೀಟರಿನ ಮೊನೆಯನ್ನು ರಂಧ್ರದ ತಂತಿಗಲ್ಲದೆ, ಚಿಪ್ಪಿನ ಪಿನ್ನಿಗೇ ತಾಗಿಸಿ ಅಳೆಯಬೇಕು. ಸಂಪರ್ಕ ತಪ್ಪಿದ ಆದಾನವು ಸಾಮಾನ್ಯವಾಗಿ 1ರಿಂದ 2 ವೋಲ್ಟುಗಳ ನಡುವಿನ ಅಳತೆಯನ್ನು ತೋರಿಸುತ್ತದೆ. ಆಗ ವಿದ್ಯುತ್ತನ್ನು ನಿಲ್ಲಿಸಿ, ಚಿಪ್ಪನ್ನು ಎರಡೂ ಕಡೆಯಿಂದ ಸಮವಾಗಿ ಮೇಲೆತ್ತಿ, ಪಿನ್ನನ್ನು ನೆಟ್ಟಗೆ ಮಾಡಿ ಮರಳಿ ಕೂರಿಸಬೇಕು.

ನಿಜವಾದ ಯಂತ್ರಗಳಲ್ಲಿ ಕಾರ್ಮಿಕನ ಸುರಕ್ಷತೆಯನ್ನು ಒಂದೇ ದ್ವಾರಕ್ಕೆ ಒಪ್ಪಿಸುವುದಿಲ್ಲ. ತಂತಿ ತುಂಡಾದರೆ ಯಂತ್ರವು ನಿಲ್ಲುವಂತೆ ಅಲ್ಲಿ ಮಂಡಲವನ್ನು ರೂಪಿಸಲಾಗುತ್ತದೆ. ಈ ಪಾಠದ ಜೋಡಣೆಯು ಕಲಿಕೆಗೆ ಮಾತ್ರ ಮೀಸಲು.

ಅಭ್ಯಾಸ

1. ಪಿನ್ 1ರ ಬದಲು ಪಿನ್ 2 ಮಡಚಿಕೊಂಡಿದ್ದರೆ ಯಾವ ಸ್ಥಿತಿಯಲ್ಲಿ ತಪ್ಪು ಉತ್ತರ ಬರುತ್ತದೆ?
2. ಪಿನ್ 7ರ ಸಂಪರ್ಕ ತಪ್ಪಿದರೆ ನಾಲ್ಕನೆಯ ಸ್ಥಿತಿಯಲ್ಲಿ ದೀಪವು ಏಕೆ ಸರಿಯಾಗಿ ಬೆಳಗುವುದಿಲ್ಲ?
3. ಪಿನ್ 4 ಮತ್ತು 5ನ್ನು ಋಣ ಸಾಲಿನಿಂದ ಬಿಡಿಸಿ, ಎರಡನ್ನೂ ಪಿನ್ 3ಕ್ಕೆ ಸೇರಿಸಿರಿ. ಪಿನ್ 6ರಲ್ಲಿ ದೊರೆಯುವ ಉತ್ತರಗಳನ್ನು ನಾಲ್ಕೂ ಸ್ಥಿತಿಗಳಿಗೆ ಬರೆಯಿರಿ.