ಉತ್ತರಿ ಮಳೆಗೆ ಮಡಿ ಹದ ಮಾಡು

ಬಾದಾಮಿ,
ಶ್ರಾವಣದ ಕೊನೆ ವಾರ

ಚಿ. ಸೌ. ಪುಟ್ಟಿಗೆ ಸೋದರಮಾವನ ಆಶೀರ್ವಾದ.

ಇಳಕಲ್ಲಿನ ಹೊಸ ಮನೆಯ ಹಿತ್ತಲದ ಫೋಟೊ ನೋಡಿದೆ. ಗೋಡೆಗುಂಟ ಆರೇಳು ಹೆಜ್ಜೆ ಜಾಗ, ಮೇಲೆ ಖಾಲಿ ಮಾಳಿಗೆ. ನಾಲ್ಕು ಮಂದಿಯ ಮನೆಯ ತಪ್ಪಲ ಪಲ್ಯಕ್ಕೆ ಅಷ್ಟು ಸಾಕು. ಅದರ ಜೊತೆ ಕಳಿಸಿದ ತಿಂಗಳವಾರು ಪಟ್ಟಿಯನ್ನು ಮಾತ್ರ ಪಕ್ಕಕ್ಕಿಡು. ಅದನ್ನು ಬೆಂಗಳೂರಿನ ಹವೆಗೆ ಯಾರೋ ಬರೆದಿದ್ದಾರೆ. ಏಪ್ರಿಲ್‌ನಲ್ಲಿ ಟೊಮ್ಯಾಟೊ ಸಸಿ ಹಚ್ಚು ಅನ್ನುವವರು ಒಮ್ಮೆ ನಮ್ಮ 40 ಡಿಗ್ರಿ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಂತು ನೋಡಲಿ! ಆ ಕಾವಿಗೆ ಟೊಮ್ಯಾಟೊ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಹೂವೆಲ್ಲ ಉದುರಿ ಹೋಗುತ್ತದೆ.

ನಮ್ಮ ಭಾಗದ ಮಳೆಯ ಲೆಕ್ಕವೇ ಬೇರೆ. ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್, ಅದಕ್ಕಿಂತ ಕಡಿಮೆಯಾದ ವರ್ಷಗಳೂ ಬಹಳ. ಮುಂಗಾರು ಸಹ್ಯಾದ್ರಿಯಲ್ಲೇ ಬಹುಪಾಲು ಸುರಿದು ಇತ್ತ ಬರುವಷ್ಟರಲ್ಲಿ ಬಡವಾಗಿರುತ್ತದೆ. ಜುಲೈಯಲ್ಲಿ ಬರೀ ಗಾಳಿ, ತುಂತುರು. ಖರೇ ಮಳೆ ಸೆಪ್ಟೆಂಬರಿನದು: ಹುಬ್ಬಿ, ಉತ್ತರಿ, ಹಸ್ತ. ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುವುದು ಇದೇ ಹಸಿಯನ್ನು ನಂಬಿ. ಹಿತ್ತಲಕ್ಕೂ ಅದೇ ನ್ಯಾಯ. ನಮ್ಮ ಕೈತೋಟದ ವರ್ಷ ಸುರುವಾಗುವುದು ಉತ್ತರಿಗೆ, ಅಂದರೆ ಸೆಪ್ಟೆಂಬರ್ ನಡುವಿಗೆ. ನಿನಗಿನ್ನೂ ಎರಡು ವಾರ ಕೈಯಲ್ಲಿದೆ.

ಮೊದಲು ಮಣ್ಣು ನೋಡು. ಒಂದು ಹಿಡಿ ಒದ್ದೆ ಮಾಡಿ ಅಂಗೈಯಲ್ಲಿ ಹೊಸೆ. ಉದ್ದನೆ ಎಳೆಯಾಗಿ ಬಂದರೆ ಎರೆಮಣ್ಣು, ಉದುರಿದರೆ ಮಸಾರಿ ಇಲ್ಲವೆ ಮರಳು. ನಿಮ್ಮ ಹುನಗುಂದದ ಕಡೆಯದು ಎರೆ. ನಮ್ಮ ಬಾದಾಮಿಯ ಗುಡ್ಡದ ಬುಡದ್ದು ಕೆಂಪು ಮರಳುಗಲ್ಲು ಸವೆದು ಆದ ಮಣ್ಣು. ಇಲ್ಲಿ ಬೆಳಗ್ಗೆ ಹಾಕಿದ ನೀರು ಸಂಜೆಗೆ ಇರುವುದಿಲ್ಲ, ಅದಕ್ಕೆ ದಿನಕ್ಕಿಷ್ಟು ಅಂತ ಸ್ವಲ್ಪ ಸ್ವಲ್ಪವೇ ಕೊಡಬೇಕು. ಎರೆಗೆ ಹಾಗೆ ಮಾಡಿದರೆ ಬೇರು ಕೊಳೆಯುತ್ತದೆ. ಮಡಿಯನ್ನು ಗೇಣೆತ್ತರ ಏರಿಸು, ಬುಟ್ಟಿಗಟ್ಟಲೆ ಕಳಿತ ಗೊಬ್ಬರ ಬೆರೆಸು. ಹಸಿ ಇದ್ದಾಗ ಮಾತ್ರ ಅಗೆಯಬೇಡ, ತುಳಿಯಬೇಡ. ಒಣಗಿದ ಮೇಲೆ ಆ ಹೆಂಟೆ ಗುದ್ದಲಿಗೂ ಬಗ್ಗುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗಾಬರಿಯಾಗಿ ಯೂರಿಯಾ ಸುರಿಯಬೇಡ. ಸುಣ್ಣದಂಶ ಹೆಚ್ಚಿರುವ ನಮ್ಮ ಎರೆಯಲ್ಲಿ ಗಿಡಕ್ಕೆ ಕಬ್ಬಿಣ ದಕ್ಕದೆ ಹಾಗಾಗುತ್ತದೆ.

ಹಿತ್ತಲ ಇಳಿಜಾರಿದ್ದರೆ ಹುನಗುಂದದ ರೈತರಿಂದ ಕಲಿ. ಮಲ್ಲಣ್ಣ ನಾಗರಾಳರಂಥವರು ಒಣಬೇಸಾಯದಲ್ಲಿ ಹೆಸರು ಮಾಡಿದ ಸೀಮೆ ಅದು. ಬಿದ್ದ ಮಳೆಯನ್ನು ಬಿದ್ದಲ್ಲೇ ತಡೆಯುವುದು, ಹೆಚ್ಚಾದ ನೀರು ಮಣ್ಣು ಕೊಚ್ಚದಂತೆ ಕಲ್ಲಿನ ಕೋಡಿಯಲ್ಲಿ ಸಾವಕಾಶ ಇಳಿಯುವುದು. ನಿನ್ನ ಹಿತ್ತಲಕ್ಕೆ ಗೇಣೆತ್ತರದ ಒಡ್ಡು, ತುದಿಗೆ ನಾಲ್ಕು ಕಲ್ಲು, ಅಷ್ಟೇ. ಇಳಕಲ್ಲಿನಲ್ಲಿ ಕಲ್ಲಿಗೇನು ಬರವೇ?

ಇನ್ನು ಚಳಿಗಾಲದ ಬೆಳೆ. ನನಗೆ ಬಹಳ ಪ್ರೀತಿಯ ಕಾಲ ಇದು. ಬದನೆ, ಟೊಮ್ಯಾಟೊ, ಮೆಣಸಿನ ಬೀಜವನ್ನು ಈಗಲೇ ಒಂದು ಬುಟ್ಟಿಯಲ್ಲಿ ಚೆಲ್ಲು. ನಾಲ್ಕೈದು ವಾರಕ್ಕೆ ಸಸಿ ಕಿತ್ತು ಹಚ್ಚಲು ಬರುತ್ತವೆ. ಕೊತ್ತಂಬರಿ ಕಾಳನ್ನು ಚಪ್ಪಲಿಯಲ್ಲಿ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತು. ಹುಟ್ಟಲು ವಾರದ ಮೇಲಾಗುತ್ತದೆ, ತಾಳ್ಮೆ ಇರಲಿ. ಮೆಂತೆ ಮೂರು ನಾಲ್ಕು ದಿನಕ್ಕೇ ತಲೆ ಎತ್ತಿ ತಿಂಗಳೊಳಗೆ ಕೀಳಲು ಬರುತ್ತದೆ. ಅದನ್ನು ಒಂದೇ ದಿನ ಬಿತ್ತಬೇಡ, ವಾರಕ್ಕೊಂದು ಸಾಲು ಹಾಕು. ಇಲ್ಲದಿದ್ದರೆ ಒಂದು ವಾರ ಓಣಿಗೆಲ್ಲ ಹಂಚಿ ಮುಂದಿನ ವಾರ ಸಂತೆಗೆ ಹೋಗುತ್ತೀ. ಗಜ್ಜರಿ, ಮೂಲಂಗಿಯನ್ನು ಕಿತ್ತು ಹಚ್ಚಿದರೆ ಗಡ್ಡೆ ಸೊಟ್ಟಾಗುತ್ತದೆ, ಇದ್ದಲ್ಲೇ ಬಿತ್ತಬೇಕು. ಮಡಿಯ ಅಂಚಿಗೆ ಉಳ್ಳಾಗಡ್ಡಿ. ಮೂಲೆಯಲ್ಲಿ ತಾನಾಗಿ ಹುಟ್ಟಿದ ಹಕ್ಕರಕಿಯನ್ನು ಕಸವೆಂದು ಕಿತ್ತೀಯೆ ಜೋಕೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಜೊತೆ ಅದನ್ನು ಹಸಿಯಾಗಿ ತಿಂದವರಿಗೆ ಪೇಟೆಯ ಸಲಾಡ್ ರುಚಿಸುವುದಿಲ್ಲ.

ಈ ಎಲ್ಲದಕ್ಕೂ ಒಂದು ಗಡುವು ಇಟ್ಟುಕೊ: ಬನದ ಹುಣ್ಣಿಮೆ. ಪುಷ್ಯ ಮಾಸದಲ್ಲಿ, ಸಾಮಾನ್ಯವಾಗಿ ಜನವರಿಯಲ್ಲಿ, ನಮ್ಮೂರ ಬನಶಂಕರಿಯ ತೇರು. ಅವಳು ಶಾಕಂಬರಿ, ಕಾಯಿಪಲ್ಯದ ತಾಯಿ. ತೇರಿಗೆ ಮುಂಚೆ ಪಲ್ಯೇದ ಹಬ್ಬ. 108 ಬಗೆಯ ಪಲ್ಯದ ನೈವೇದ್ಯ. ಅಷ್ಟು ಬಗೆಯ ಕಾಯಿ, ಸೊಪ್ಪು, ಗಡ್ಡೆ ಈ ಒಣ ಸೀಮೆಯಲ್ಲಿ ಒಟ್ಟಿಗೆ ಸಿಗುವ ಕಾಲ ಆ ಚಳಿಗಾಲವೇ. ಹಬ್ಬ ಇಟ್ಟ ಹಿರಿಯರು ಬೆಳೆಯ ಕಾಲ ಬಲ್ಲವರೇ ಇದ್ದಿರಬೇಕು ಎಂದು ನನ್ನ ಅಂದಾಜು. ಈ ಸಲ ನಿನ್ನ ಹಿತ್ತಲದ್ದೂ ಒಂದು ಬದನೆಕಾಯಿ ತಾ.

ಶಿವರಾತ್ರಿ ದಾಟಿದ ಮೇಲೆ ಆಸೆ ಕಡಿಮೆ ಮಾಡು. ಅರ್ಧ ಮಡಿ ಖಾಲಿ ಬಿಡು. ಪುಂಡಿಪಲ್ಯ, ರಾಜಗಿರಿ, ಚವಳಿ, ಬೆಂಡಿ ಬಿಸಿಲು ತಡೆಯುತ್ತವೆ. ಉಳಿದದ್ದಕ್ಕೆ ಕುಂಬಾರರ ಗಡಿಗೆ ಇದೆ. ಒಳಗೆ ಹೊರಗೆ ಬಣ್ಣ ಬಳಿಯದ ಸುಟ್ಟ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ ಮುಚ್ಚಳ ಹಾಕು. ಮಣ್ಣು ಒಣಗಿದಷ್ಟು ಅದು ಜಿನುಗುತ್ತದೆ. ಸುತ್ತ ನಾಲ್ಕು ಗಿಡ ಬದುಕುತ್ತವೆ. ನೆಲದ ಮೇಲೆ ಜೋಳದ ಕಣಿಕೆಯ ಚೂರು ಇಲ್ಲವೆ ಒಣ ಎಲೆ ನಾಲ್ಕು ಬೆರಳು ದಪ್ಪ ಹಾಸು. ಮಾಳಿಗೆಯ ಕುಂಡಗಳನ್ನು ಇಟ್ಟಂಗಿ ಮೇಲಿಡು, ಮೇಲೆ ಅರ್ಧ ಬಿಸಿಲು ತಡೆಯುವ ಹಸಿರು ಪರದೆ ಕಟ್ಟು. ಕುಡಿಯುವ ನೀರಿನ ಫಿಲ್ಟರ್ ಹೊರಚೆಲ್ಲುವ ನೀರು ಸುಮ್ಮನೆ ಹೋಗುತ್ತದಲ್ಲ ಎಂದು ಗಿಡಕ್ಕೆ ಹಾಕುವವರಿದ್ದಾರೆ. ಬೋರಿನ ಉಪ್ಪೆಲ್ಲ ಅದರಲ್ಲೇ ಮಂದವಾಗಿ ಉಳಿದಿರುತ್ತದೆ, ಅದು ನೆಲ ಒರೆಸಲು ಇರಲಿ. ನಿಮ್ಮೂರಲ್ಲಿ ನೂಲಿಗೆ ಬಣ್ಣ ಹಾಕಿದ ನೀರೂ, ಗ್ರಾನೈಟ್ ಪಾಲಿಶಿನ ಕೆಸರೂ ಮಡಿಯ ಹತ್ತಿರ ಸುಳಿಯಕೂಡದು.

ಮಿರಗ ಮಳೆ ಕೂಡಿದಾಗ ಹೀರಿ, ಹಾಗಲ, ಸವತಿ ಬಳ್ಳಿಗಳನ್ನು ಗೋಡೆಗೆ ಹಬ್ಬಿಸು. ಅದೇ ಹೊತ್ತಿಗೆ ಬೇವಿನ ಹಣ್ಣು ಉದುರುತ್ತವೆ. ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿಟ್ಟುಕೊ. ಹೇನು ಬಿದ್ದಾಗ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಇಳಿಹೊತ್ತಿನಲ್ಲಿ ಸಿಂಪಡಿಸು.

ಬಾಗಲಕೋಟೆಗೆ ಹೋದಾಗ ನವನಗರದ ಆಚೆ ಉದ್ಯಾನಗಿರಿಗೆ ಹೋಗಿ ಬಾ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯ ಅಲ್ಲಿದೆ. ಅವರ ‘ಭಾಗ್ಯ’ ಎಂಬ ನುಗ್ಗೆ ತಳಿ ಗಿಡ್ಡ, ವರ್ಷ ತುಂಬುವ ಮೊದಲೇ ಕಾಯಿ ಬಿಡುತ್ತದೆ. ಮನೆಗೆ ಒಂದೇ ಸಾಕು, ಗೋಡೆಯಿಂದ ದೂರ ಹಚ್ಚು. ಎದೆಮಟ್ಟಕ್ಕೆ ಬಂದಾಗ ಕುಡಿ ಚಿವುಟು.

ಪುಂಡಿ ಬೀಜ, ಜವಾರಿ ಬದನೆ ಬೀಜ ಕಟ್ಟಿಟ್ಟಿದ್ದೇನೆ. ಬಾದಾಮಿಗೆ ಬರುವವರು ಯಾರಾದರೂ ಇದ್ದರೆ ಹೇಳು, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಇಂತಿ,
ನಿನ್ನ ಮಾವ

ತಾ.ಕ.: ನಿಮ್ಮ ಅತ್ತೆ ಮಾಳಿಗೆ ಸೋರುತ್ತದೆ ಎಂದು ಹೆದರುತ್ತಿದ್ದರೆ ಅವರ ಮಾತೂ ಸರಿಯೇ. ಭಾರದ ಕುಂಡಗಳನ್ನು ಗೋಡೆ, ತೊಲೆಗಳ ನೇರಕ್ಕೆ ಇಡು, ನಡುವೆ ಬೇಡ.