ಬೆಳಕು ಸೂಸುವ ಅಕ್ಷರಗಳು: ಗ್ರಾಮಸಭೆಯ ಪ್ರಚಾರ ಚಿತ್ರ ರಚಿಸುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಸ್ವಾಧ್ಯಾಯಕ್ಕಾಗಿ)



ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಎರಡು ಗ್ರಾಮಸಭೆಗಳ ನಡುವೆ 6 ತಿಂಗಳಿಗಿಂತ ಹೆಚ್ಚು ಅಂತರವಿರಕೂಡದು. ಸಭೆ ಸೇರಿದರೆ ಸಾಲದು, ಜನರೂ ಬರಬೇಕು. ಫಲಾನುಭವಿಗಳ ಆಯ್ಕೆ ನಡೆಯುವ ದಿನವೇ ಅರ್ಹ ಕುಟುಂಬಕ್ಕೆ ಸುದ್ದಿ ತಲುಪದೆ ಹೋದರೆ ಆಗುವ ನಷ್ಟ ಆ ಕುಟುಂಬದ್ದು. ಇಂದು ಸುದ್ದಿಯು ಡಂಗುರದ ಜೊತೆಗೆ ಮೊಬೈಲ್ ಫೋನಿನ ಮೂಲಕವೂ ಹರಿಯುತ್ತದೆ. ಅಲ್ಲಿ ನೂರು ಚಿತ್ರಗಳ ನಡುವೆ ನಮ್ಮ ಪ್ರಕಟಣೆ ಕಣ್ಣಿಗೆ ಬೀಳಬೇಕಾದರೆ ಶೀರ್ಷಿಕೆಗೆ ಹೊಳಪು ನೀಡುವುದು ಒಂದು ಉಪಾಯ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸದಸ್ಯರು ಪಂಚಾಯಿತಿಯ ಗಣಕಯಂತ್ರದಲ್ಲಿ ತಾವೇ ಮಾಡಿ ನೋಡಲು, ಅಥವಾ ಡಾಟಾ ಎಂಟ್ರಿ ಆಪರೇಟರ್ ಅವರಿಗೆ ಸರಿಯಾಗಿ ಸೂಚಿಸಲು ಈ ಪಾಠವು ನೆರವಾಗುತ್ತದೆ.

ತತ್ವ

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜ ಮಾಸದಲ್ಲಿ ತೆರೆಯುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪವು ಆರದೆ ಉಳಿದಿರುತ್ತದೆ ಎಂಬುದು ಭಕ್ತರ ನಂಬಿಕೆ. ಯಾವುದೇ ಗರ್ಭಗುಡಿಯ ದೀಪವನ್ನು ದಿಟ್ಟಿಸಿ ನೋಡಿದರೆ ಮೂರು ಅಂಶಗಳು ಕಾಣುತ್ತವೆ: ನಡುವೆ ಬಿಳಿಗೆ ಹತ್ತಿರವಾದ ಕುಡಿ, ಅದರ ಸುತ್ತ ಹಳದಿಯಿಂದ ಕಿತ್ತಳೆಗೆ ತಿರುಗುತ್ತಾ ಕ್ಷೀಣಿಸುವ ಪ್ರಭೆ, ಎಲ್ಲಕ್ಕೂ ಹಿನ್ನೆಲೆಯಾಗಿ ಕತ್ತಲೆ. ಅದೇ ದೀಪವನ್ನು ನಡುಹಗಲಿನ ಅಂಗಳಕ್ಕೆ ತಂದರೆ ಪ್ರಭೆ ಕಾಣದು. ಚಿತ್ರದಲ್ಲಿಯೂ ಇದೇ ನಿಯಮ. ತೀಕ್ಷ್ಣವಾದ ಅಕ್ಷರ, ಅದರ ಹಿಂದೆ ಮಸುಕುಗೊಳಿಸಿದ ಅದೇ ಅಕ್ಷರದ ಪ್ರತಿ, ಕೆಳಗೆ ಗಾಢ ಬಣ್ಣ. ಈ ಮೂರೂ ಸೇರಿದರೆ ಹೊಳಪು ಮೂಡುತ್ತದೆ.

ಸಾಧನ

ಗಿಂಪ್ ಎಂಬ ತಂತ್ರಾಂಶವು ಉಚಿತವಾಗಿದ್ದು ಪರವಾನಗಿ ಶುಲ್ಕವಿಲ್ಲ. 1995ರಲ್ಲಿ ಅಮೆರಿಕೆಯ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಇದನ್ನು ಆರಂಭಿಸಿದರು. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡತಕ್ಕದ್ದು. ಹಳೆಯ ಆಸ್ಕಿ ಅಕ್ಷರಶೈಲಿಯ ಪಠ್ಯವನ್ನು ನಕಲಿಸಿ ತಂದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು.

ಕ್ರಮ

1. ಹೊಸ ಚಿತ್ರ ತೆರೆಯಿರಿ. ಎ4 ಅಳತೆಗೆ ಪ್ರತಿ ಅಂಗುಲಕ್ಕೆ 300 ಚುಕ್ಕಿಗಳಂತೆ 2480 × 3508 ಪಿಕ್ಸೆಲ್ ಆಗುತ್ತದೆ. ಹಿನ್ನೆಲೆಗೆ ಕಡುನೀಲಿ ತುಂಬಿ.

2. ಟೆಕ್ಸ್ಟ್ ಸಾಧನದಿಂದ ‘ಗ್ರಾಮಸಭೆ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಕಾಗುಣಿತವನ್ನು ಈ ಹಂತದಲ್ಲಿಯೇ ಪರಿಶೀಲಿಸಿ. ಮಸುಕುಗೊಳಿಸಿದ ಮೇಲೆ ತಿದ್ದುವುದು ಕಷ್ಟ.

3. ಆ ಪದರವನ್ನು ಎರಡು ಬಾರಿ ನಕಲು ಮಾಡಿ. ಈಗ ಒಂದರ ಮೇಲೊಂದು ಮೂರು ಅಕ್ಷರ ಪದರಗಳಿವೆ. ಮೇಲಿನದಕ್ಕೆ ಕೆನೆಬಣ್ಣ, ನಡುವಿನದಕ್ಕೆ ಹಳದಿ, ಕೆಳಗಿನದಕ್ಕೆ ಕಿತ್ತಳೆ ಬಣ್ಣ ಕೊಡಿ.

4. ಕೆಳಗಿನ ಎರಡೂ ಪದರಗಳಿಗೆ ‘ಲೇಯರ್ ಟು ಇಮೇಜ್ ಸೈಜ್’ ಆಜ್ಞೆ ನೀಡಿ. ಇದನ್ನು ಮರೆತರೆ ಪ್ರಭೆಯು ಅಕ್ಷರದ ಅಂಚಿನಲ್ಲಿ ಕತ್ತರಿಸಿದಂತೆ ನಿಲ್ಲಬಹುದು.

5. ‘ಗಾಸಿಯನ್ ಬ್ಲರ್’ ಆರಿಸಿ ನಡುವಿನ ಪದರಕ್ಕೆ 20, ಕೆಳಗಿನದಕ್ಕೆ 80 ಅಳತೆ ಕೊಡಿ. ಮೇಲಿನ ಪದರವನ್ನು ಮುಟ್ಟಬೇಡಿ.

6. ಮಸುಕುಗೊಳಿಸಿದ ಎರಡೂ ಪದರಗಳ ವಿಧಾನವನ್ನು ‘ಸ್ಕ್ರೀನ್’ ಎಂದು ಬದಲಿಸಿ. ಪ್ರಭೆ ಮಂಕಾಗಿದ್ದರೆ ಕೆಳಗಿನ ಪದರವನ್ನು ಇನ್ನೊಮ್ಮೆ ನಕಲು ಮಾಡಿ.

7. ಮೂಲ ಕಡತವನ್ನು ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ, ಹಂಚಲು ಪಿಎನ್‌ಜಿ ರೂಪದಲ್ಲಿ ರಫ್ತು ಮಾಡಿ. ಮುಂದಿನ ಸಭೆಗೆ ದಿನಾಂಕ ಬದಲಿಸಿದರೆ ಸಾಕು.

‘ಸ್ಕ್ರೀನ್’ ವಿಧಾನದ ಮರ್ಮ ಸರಳ. ಬಣ್ಣದ ಪ್ರಖರತೆಯನ್ನು 0ಯಿಂದ 255ರವರೆಗೆ ಅಳೆಯುತ್ತಾರೆ. 128 ಇರುವ ಎರಡು ಪದರಗಳು ಈ ವಿಧಾನದಲ್ಲಿ ಕೂಡಿದರೆ ಸುಮಾರು 192 ಆಗುತ್ತದೆ. ಬೆಳಕು ಹೆಚ್ಚುತ್ತದೆ, ಆದರೆ ಮಿತಿ ಮೀರುವುದಿಲ್ಲ. ಒಂದೇ ಕೋಣೆಯಲ್ಲಿ ಎರಡನೆಯ ದೀಪ ಹಚ್ಚಿದಂತೆ.

ಎಚ್ಚರಿಕೆಗಳು

ಮೊದಲನೆಯದು, ಹೊಳಪು ಶೀರ್ಷಿಕೆಗೆ ಮಾತ್ರ ಇರಲಿ. ದಿನಾಂಕ, ಸಮಯ, ಸ್ಥಳ ಮತ್ತು ಕಾರ್ಯಸೂಚಿಯನ್ನು ಹೊಳಪಿಲ್ಲದ ಬಿಳಿ ಅಕ್ಷರಗಳಲ್ಲಿ ಬರೆಯತಕ್ಕದ್ದು. ಕನ್ನಡದ ಒತ್ತಕ್ಷರಗಳು ಸಣ್ಣವು. ಪ್ರಭೆಯಲ್ಲಿ ಅವು ಕರಗಿದರೆ ವಯಸ್ಸಾದವರು ಓದಲಾರರು.

ಎರಡನೆಯದು, ಪರದೆ ತಾನೇ ಬೆಳಕು ಬೀರುತ್ತದೆ, ಕಾಗದ ಬೀರದು. ಗಾಢ ಹಿನ್ನೆಲೆಯ ಚಿತ್ರವನ್ನು ಮುದ್ರಿಸಿದರೆ ಶಾಯಿ ಹೆಚ್ಚು ಖರ್ಚಾಗುತ್ತದೆ; ಜೆರಾಕ್ಸ್ ಮಾಡಿಸಿದರೆ ಬರೀ ಕಪ್ಪು ಮಸಿ ಉಳಿಯುತ್ತದೆ. ಆದುದರಿಂದ ಫೋನಿಗೆ ಹೊಳೆಯುವ ಪ್ರತಿ, ಸೂಚನಾ ಫಲಕಕ್ಕೆ ಬಿಳಿಯ ಮೇಲೆ ಕಪ್ಪಕ್ಷರದ ಪ್ರತಿ, ಹೀಗೆ ಎರಡನ್ನು ಸಿದ್ಧಪಡಿಸುವುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಕ್ಷರಕ್ಕೆ ಬೆಳಕು ಬರಿಸುವ ಇದೇ ಕೌಶಲದಿಂದ ಉರಿಯದ ಬೀದಿದೀಪವನ್ನೂ ಚಿತ್ರದಲ್ಲಿ ಉರಿಯುವಂತೆ ತೋರಿಸಬಹುದು. ಪ್ರಚಾರ ಚಿತ್ರ ಬೇರೆ, ಕಾಮಗಾರಿಯ ದಾಖಲೆ ಬೇರೆ. ಕಾಮಗಾರಿಯ ಛಾಯಾಚಿತ್ರದ ಮೇಲೆ ಯಾವ ಪರಿಣಾಮವನ್ನೂ ಸೇರಿಸಬಾರದು. ಬಿಲ್ಲಿನೊಡನೆ ಬಂದ ಚಿತ್ರದಲ್ಲಿ ದೀಪ ಬೆಳಗುತ್ತಿದ್ದರೆ, ಅದರ ಬೆಳಕು ಕಂಬದ ಮೇಲೆ ಮತ್ತು ನೆಲದ ಮೇಲೆ ಬಿದ್ದಿದೆಯೇ ಎಂದು ಗಮನಿಸಿ. ಕೃತಕ ಪ್ರಭೆಯು ಹಲವು ವೇಳೆ ದೀಪದ ಸುತ್ತ ಮಾತ್ರ ಇರುತ್ತದೆ. ಕೆಳಗಿನ ರಸ್ತೆ ಕತ್ತಲಾಗಿಯೇ ಉಳಿಯುತ್ತದೆ. ಸಂಶಯ ಬಂದರೆ ಸಂಜೆ ಆ ಬೀದಿಗೆ ಹೋಗಿ ನೋಡುವುದೇ ಸರಿಯಾದ ಪರೀಕ್ಷೆ.

ಅಭ್ಯಾಸ

ತಮ್ಮ ವಾರ್ಡಿನ ಮುಂದಿನ ಸಭೆಗೆ ಒಂದು ಚಿತ್ರ ರಚಿಸಿ. ಅದನ್ನು ಫೋನಿನಲ್ಲಿ ತೆರೆದು, ಕನ್ನಡಕ ಧರಿಸುವ ಹಿರಿಯರೊಬ್ಬರ ಕೈಗೆ ಕೊಡಿ. ಸಭೆ ಎಂದು, ಎಷ್ಟು ಗಂಟೆಗೆ, ಎಲ್ಲಿ ಎಂಬುದನ್ನು ಅವರು ತಡವರಿಸದೆ ಓದಿ ಹೇಳಿದರೆ ಚಿತ್ರವು ಸಿದ್ಧವಾಗಿದೆ. ಇಲ್ಲವಾದರೆ ಹೊಳಪನ್ನು ತಗ್ಗಿಸಿ, ಅಕ್ಷರವನ್ನು ದೊಡ್ಡದು ಮಾಡಿ.